ಡೇರಿಯಾಗಾಗಿ ಕಾದ ಎಂಟು ವರ್ಷ

ಡೇರಿಯಾ ಅನ್ನುವ ಅಮೆರಿಕದ ಕಾರ್ಟೂನ್ ಸರಣಿಯ ಕೊನೆಯ ಕತೆ ಎಂಟಿವಿಯಲ್ಲಿ ಬಂದಿದ್ದು 2002ರ ಜನವರಿ 21ರಂದು. ಇಡೀ ಸರಣಿ ಡಿವಿಡಿಯಾಗಿ ಬಂದಿದ್ದು 2010ರ ಮೇ 11ರಂದು. ನಡುವೆ ಎಂಟು ವರ್ಷ ಕಳೆದವು. ಅಷ್ಟೂ ಕಾಲ ಅಭಿಮಾನಿಗಳು ಕಾದರು. ಯಾಕೆ ಕಾಯಬೇಕಾಯಿತು, ಕಾಯುತ್ತಾ ಅವರು ಏನು ಮಾಡಿದರು, ಕೊನೆಗೆ ಕೈಗೆ ಸಿಕ್ಕಿದ್ದೇನು ಅನ್ನುವುದು ನನಗೆ ಆ ಸರಣಿಯಷ್ಟೇ ಹತ್ತಿರದ ವಿಷಯ.

ನೋಡಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಡೇರಿಯಾ ಮಾರ್ಗೆಂಡಾರ್ಫರ್ ಹೈಸ್ಕೂಲು ಹುಡುಗಿ. ದೊಡ್ಡ ದುಂಡು ಕನ್ನಡಕ, ಹಸಿರು ಜಾಕೆಟ್, ಏರಿಳಿತವೇ ಇಲ್ಲದ ಧ್ವನಿ. ಅವಳು ಮೊದಲು ಕಾಣಿಸಿಕೊಂಡಿದ್ದು ಬೀವಿಸ್ ಅಂಡ್ ಬಟ್‌ಹೆಡ್ ಸರಣಿಯ ಒಂದು ಸಣ್ಣ ಪಾತ್ರವಾಗಿ. 1997ರ ಮಾರ್ಚ್‌ನಲ್ಲಿ ಅವಳದ್ದೇ ಸರಣಿ ಶುರುವಾಯಿತು. ಕಟ್ಟಿದವರು ಗ್ಲೆನ್ ಐಕ್ಲರ್ ಮತ್ತು ಸೂಸಿ ಲೂಯಿಸ್. ಧ್ವನಿ ಕೊಟ್ಟವರು ಟ್ರೇಸಿ ಗ್ರ್ಯಾಂಡ್‌ಸ್ಟಾಫ್. ಐದು ಸೀಸನ್, 65 ಕಂತು, ಎರಡು ಟಿವಿ ಸಿನಿಮಾ. ಅಷ್ಟೇ.

ಆದರೆ ಆ ಅಷ್ಟರಲ್ಲೇ ಎಷ್ಟೊಂದು ಇದೆ! ಆಗಿನ ಬಹುಪಾಲು ಕಾರ್ಟೂನುಗಳಲ್ಲಿ ಪಾತ್ರಗಳು ಬದಲಾಗುತ್ತಿರಲಿಲ್ಲ. ಇವತ್ತು ಏನೇ ಆಗಲಿ, ಮುಂದಿನ ವಾರ ಎಲ್ಲ ಮೊದಲಿನ ಹಾಗೇ. ಡೇರಿಯಾದಲ್ಲಿ ಹಾಗಿರಲಿಲ್ಲ. ಬಟ್ಟೆಬರೆ, ಹುಡುಗರು ಬಿಟ್ಟರೆ ಬೇರೇನೂ ತಲೆಯಲ್ಲಿಲ್ಲ ಅನ್ನಿಸುತ್ತಿದ್ದ ತಂಗಿ ಕ್ವಿನ್ ಕೊನೆಯ ಸೀಸನ್ ಹೊತ್ತಿಗೆ ಯೋಚಿಸುವ ಹುಡುಗಿಯಾಗಿ ಬೆಳೆದಿರುತ್ತಾಳೆ. ಡೇರಿಯಾ ಮತ್ತು ಅವಳ ಜೀವದ ಗೆಳತಿ ಜೇನ್ ನಡುವೆ ಟಾಮ್ ಅನ್ನುವ ಹುಡುಗನ ಕಾರಣಕ್ಕೆ ಬಿರುಕು ಬರುತ್ತದೆ. ಆ ಬಿರುಕು ಒಂದೇ ಕಂತಿನಲ್ಲಿ ಮುಚ್ಚಿಹೋಗುವುದಿಲ್ಲ. ಎಲ್ಲರಿಗಿಂತ ಬುದ್ಧಿವಂತೆ ಅಂತ ನಾವು ನಂಬಿದ್ದ ಹುಡುಗಿ ತಾನೂ ತಪ್ಪು ಮಾಡುತ್ತಾಳೆ, ತನ್ನ ಮಾತಿನಿಂದ ಬೇರೆಯವರಿಗೆ ನೋವಾಗುತ್ತದೆ ಅಂತ ನಿಧಾನಕ್ಕೆ ಕಲಿಯುತ್ತಾಳೆ. ಇಂಥದ್ದನ್ನು ಒಂದೊಂದು ಕಂತು ಆರಿಸಿ ನೋಡಿದರೆ ಆಗುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನೋಡಬೇಕು. ಅದಕ್ಕೇ ಅಭಿಮಾನಿಗಳಿಗೆ ಇಡೀ ಸರಣಿ ಬೇಕಿತ್ತು. ಆಯ್ದ ನಾಲ್ಕು ಕಂತಿನ ಡಿಸ್ಕ್ ಸಾಲುತ್ತಿರಲಿಲ್ಲ.

ಅಡ್ಡ ಬಂದಿದ್ದು ಹಾಡುಗಳು.

ಎಂಟಿವಿ ಅಂದರೆ ಹಾಡಿನ ಚಾನೆಲ್ ಅಲ್ವಾ? ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಆ ಕಾಲದ ಜನಪ್ರಿಯ ಹಾಡಿನ ಒಂದು ತುಣುಕು ಕೇಳಿಸುತ್ತಿತ್ತು. ಕೆಲವೇ ಸೆಕೆಂಡು. ಪಾರ್ಟಿಯ ದೃಶ್ಯವಾದರೆ ಹಿಂದೆ ಒಂದು ಹಾಡು, ಜೇನ್ ಚಿತ್ರ ಬರೆಯುವಾಗ ಇನ್ನೊಂದು. ಕಂತು ಮುಗಿದು ಹೆಸರುಗಳು ಬರುವಾಗಲೂ ಒಂದು ಹಾಡು. ಅದೂ ಸುಮ್ನೆ ಹಾಕಿದ್ದಲ್ಲ. ಆಗತಾನೇ ನೋಡಿದ ಕತೆಯ ಬಗ್ಗೆ ಆ ಹಾಡೇ ಏನೋ ಹೇಳುತ್ತಿತ್ತು. ಯಾಕೆ ಇದೇ ಹಾಡು ಇಟ್ಟರು ಅಂತ ಯೋಚಿಸುವುದೂ ನೋಡುವ ಖುಷಿಯ ಭಾಗವಾಗಿತ್ತು.

ಪ್ರಸಾರ ಮಾಡುವಾಗ ಇದರಿಂದ ತೊಂದರೆ ಇರಲಿಲ್ಲ. ಡಿಸ್ಕ್ ಮಾಡಿ ಮಾರಬೇಕು ಅಂದಾಗ ಲೆಕ್ಕವೇ ಬೇರೆ. ಒಂದು ಹಾಡನ್ನು ದೃಶ್ಯಕ್ಕೆ ಸೇರಿಸಲು ಎರಡು ಕಡೆ ಅನುಮತಿ ಬೇಕು. ಒಂದು ಹಾಡು ಬರೆದವರಿಂದ, ಅಂದರೆ ಸಾಮಾನ್ಯವಾಗಿ ಅವರ ಹಕ್ಕು ನೋಡಿಕೊಳ್ಳುವ ಪ್ರಕಾಶಕರಿಂದ. ಇನ್ನೊಂದು ಆ ರೆಕಾರ್ಡಿಂಗ್ ಯಾರದ್ದೋ ಅವರಿಂದ, ಅಂದರೆ ಸಾಮಾನ್ಯವಾಗಿ ಸಂಗೀತ ಕಂಪನಿಯಿಂದ. ಮೂವರು ಸೇರಿ ಬರೆದ ಹಾಡಾದರೆ ಮೂರು ಪ್ರಕಾಶಕರ ಬಾಗಿಲು ತಟ್ಟಬೇಕಾಗಬಹುದು. ಇವರಲ್ಲಿ ಒಬ್ಬರು ಆಗಲ್ಲ ಅಂದರೂ ಮುಗಿಯಿತು. ಐದು ಸೆಕೆಂಡಿನ ತುಣುಕಿಗೂ ಇದೇ ಓಡಾಟ. ಒಂದು ಕಂತಿನಲ್ಲಿ ಹಲವು ತುಣುಕು, ಅಂಥ 65 ಕಂತು. ದುಡ್ಡು ಎಷ್ಟಾದೀತು, ಕಾಗದಪತ್ರ ಎಷ್ಟಾದೀತು, ಯೋಚಿಸಿ ನೋಡಿ.

ಮೊದಲೇ ಡಿಸ್ಕ್‌ಗೂ ಸೇರಿಸಿ ಒಪ್ಪಂದ ಮಾಡಿಕೊಳ್ಳಬಹುದಿತ್ತಲ್ಲ ಅಂತ ಈಗ ಕೇಳುವುದು ಸುಲಭ. 1997ರಲ್ಲಿ ಟಿವಿ ಸರಣಿಯನ್ನು ಜನ ಇಡಿಯಾಗಿ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವ ರೂಢಿಯೇ ಇರಲಿಲ್ಲ. ಒಂದು ವಿಎಚ್‌ಎಸ್ ವಿಡಿಯೋ ಕ್ಯಾಸೆಟ್‌ನಲ್ಲಿ ಎರಡೋ ಮೂರೋ ಕಂತು ಹಾಕಿ ಮಾರುತ್ತಿದ್ದರು. ಇಡೀ ಸೀಸನ್ ಒಂದೇ ಪೆಟ್ಟಿಗೆಯಲ್ಲಿ ಕೊಟ್ಟರೆ ಜನ ಕೊಳ್ಳುತ್ತಾರೆ ಅನ್ನುವುದು ಗಟ್ಟಿಯಾಗಿದ್ದು 2000ರಲ್ಲಿ ಎಕ್ಸ್‌ಫೈಲ್ಸ್‌ನ ಮೊದಲ ಸೀಸನ್ ಡಿವಿಡಿ ಬಂದ ಮೇಲೆ. ಅಷ್ಟು ಹೊತ್ತಿಗೆ ಡೇರಿಯಾದ ಬಹುಪಾಲು ಕಂತುಗಳು ಹಾಡುಗಳ ಸಮೇತ ತಯಾರಾಗಿಬಿಟ್ಟಿದ್ದವು.

ಹೀಗೆ ಶುರುವಾಯಿತು ಕಾಯುವಿಕೆ. ನಾನು ಇದನ್ನು ಬರೆಯಲು ಕೂತಿದ್ದೇ ಈ ಭಾಗಕ್ಕಾಗಿ. ಕಾಯುವುದು ಅಂದರೆ ಕೈಕಟ್ಟಿ ಕೂರುವುದು ಅಂತ ಹೊರಗಿನವರಿಗೆ ಅನ್ನಿಸಬಹುದು. ಈ ಜನ ಹಾಗೆ ಕೂರಲಿಲ್ಲ. ಅವರ ಹತ್ತಿರ ಕ್ಯಾಸೆಟ್‌ಗಳಿದ್ದವು. ಟಿವಿಯಲ್ಲಿ ಬರುವಾಗ ತಾವೇ ರೆಕಾರ್ಡ್ ಮಾಡಿಕೊಂಡವು. ಟಿ-120 ಅನ್ನುವ ಮಾಮೂಲಿ ಕ್ಯಾಸೆಟ್‌ನಲ್ಲಿ ಒಳ್ಳೆಯ ಗುಣಮಟ್ಟಕ್ಕೆ ರೆಕಾರ್ಡ್ ಮಾಡಿದರೆ ಎರಡು ಗಂಟೆ ಹಿಡಿಯುತ್ತದೆ. ನಿಧಾನದ ವೇಗಕ್ಕಿಟ್ಟರೆ ಆರು ಗಂಟೆ. ಆದರೆ ಆಗ ಚಿತ್ರ ಮಸುಕು, ಧ್ವನಿಯೂ ಮಂಕು. ನಿಜವಾದ ಅಭಿಮಾನಿ ಎರಡು ಗಂಟೆಯ ವೇಗವನ್ನೇ ಆರಿಸುತ್ತಿದ್ದ. ಜಾಹೀರಾತು ಬಂದಾಗ ಕೈಯಾರೆ ಪಾಜ್ ಗುಂಡಿ ಒತ್ತಿ ರೆಕಾರ್ಡಿಂಗ್ ತಡೆದು, ಕಾರ್ಯಕ್ರಮ ಶುರುವಾದ ತಕ್ಷಣ ಬಿಡಬೇಕು. ಒಂದು ಸೆಕೆಂಡು ತಡವಾದರೆ ಮೊದಲ ಮಾತೇ ಹೋಯಿತು.

ಅಮೆರಿಕದಲ್ಲಿ ಹೀಗೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡಬಹುದು ಅನ್ನುವುದು ಸುಮ್ನೆ ಸಿಕ್ಕಿದ ಹಕ್ಕಲ್ಲ. ಯೂನಿವರ್ಸಲ್ ಸ್ಟುಡಿಯೋ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಅನ್ನುವ ವಿಡಿಯೋ ರೆಕಾರ್ಡಿಂಗ್ ಯಂತ್ರದ ವಿರುದ್ಧ ಕೋರ್ಟಿಗೆ ಹೋಗಿತ್ತು. 1984ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯವರ ಪರವಾಗಿ ತೀರ್ಪು ಕೊಟ್ಟಿತು. ಐದು ನ್ಯಾಯಮೂರ್ತಿಗಳು ಪರ, ನಾಲ್ವರು ವಿರುದ್ಧ. ಒಂದೇ ಒಂದು ಮತ ಆ ಕಡೆ ಬಿದ್ದಿದ್ದರೆ ಎಷ್ಟೋ ಕಾರ್ಯಕ್ರಮಗಳು ಪ್ರಸಾರವಾದ ರೂಪದಲ್ಲಿ ಯಾರ ಹತ್ತಿರವೂ ಉಳಿಯುತ್ತಿರಲಿಲ್ಲ. ನನಗೆ ಈ ತೀರ್ಪು ನೆನಪಾದಾಗಲೆಲ್ಲ ಮೈ ಜುಂ ಅನ್ನುತ್ತದೆ.

ಕ್ಯಾಸೆಟ್ ಇಲ್ಲದವರು ಇದ್ದವರಿಂದ ನಕಲು ಮಾಡಿಸಿಕೊಳ್ಳುತ್ತಿದ್ದರು. ಖಾಲಿ ಕ್ಯಾಸೆಟ್, ಅಂಚೆ ಖರ್ಚು ಕಳಿಸಿದರೆ ಯಾರೋ ಗುರುತಿಲ್ಲದವರು ರಾತ್ರಿಯಿಡೀ ಎರಡು ಯಂತ್ರ ಜೋಡಿಸಿಕೊಂಡು ನಕಲು ಮಾಡಿ ಕಳಿಸುತ್ತಿದ್ದರು. ವಿಎಚ್‌ಎಸ್‌ನ ಪ್ರತಿ ನಕಲಿನಲ್ಲೂ ಗುಣಮಟ್ಟ ಇಳಿಯುತ್ತದೆ. ಬಣ್ಣ ಗೆರೆ ದಾಟಿ ಹರಡುತ್ತದೆ. ನಕಲಿನ ನಕಲಿನಲ್ಲಿ ಮಾತಿನ ಹಿಂದೆ ಉಸ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಆದರೂ ಆ ಮಸುಕು ಕ್ಯಾಸೆಟ್‌ಗಳಲ್ಲಿ ಒಂದು ಇತ್ತು, ಬೇರೆಲ್ಲೂ ಇರಲಿಲ್ಲ. ಮೂಲ ಹಾಡುಗಳು. ಸರಣಿ ಮುಗಿದ ಮೇಲೆ ದಿ ಎನ್ ಚಾನೆಲ್‌ನಲ್ಲಿ ಮರುಪ್ರಸಾರವೇನೋ ಆಯಿತು. ಆದರೆ ಅಲ್ಲಿ ಕಂತುಗಳಿಗೆ ಕತ್ತರಿ ಬಿದ್ದಿತ್ತು. ಹೀಗಾಗಿ ಹಳೇ ಕ್ಯಾಸೆಟ್‌ಗಳ ಬೆಲೆ ಅಭಿಮಾನಿಗಳ ಕಣ್ಣಲ್ಲಿ ಇನ್ನೂ ಏರಿತು.

ಕೊನೆಗೂ 2010ರಲ್ಲಿ ಪೆಟ್ಟಿಗೆ ಬಂತು. ಎಂಟು ಡಿಸ್ಕ್. 65 ಕಂತು, ಎರಡೂ ಸಿನಿಮಾ, ಪ್ರಸಾರವೇ ಆಗದ ಮೊದಲ ಪ್ರಯೋಗದ ಕಂತು. ಜೇನ್‌ಳ ಅಣ್ಣ ಟ್ರೆಂಟ್‌ನ ಮಿಸ್ಟಿಕ್ ಸ್ಪೈರಲ್ ಬ್ಯಾಂಡ್ ಬಗ್ಗೆ ಒಂದು ಬೇರೆ ಸರಣಿ ಮಾಡುವ ಯೋಚನೆ ಇತ್ತು. ಅದು ತೆರೆಗೆ ಬರಲೇ ಇಲ್ಲ. ಅದರ ಸ್ಕ್ರಿಪ್ಟ್ ಕೂಡ ಪೆಟ್ಟಿಗೆಯಲ್ಲಿ ಸಿಕ್ಕಿತು. ಸ್ಪ್ಲೆಂಡೋರಾ ಬ್ಯಾಂಡ್‌ನ ಶೀರ್ಷಿಕೆ ಗೀತೆ ಉಳಿದಿತ್ತು. ಉಳಿದ ಹಾಡುಗಳು? ಜೊತೆಗಿದ್ದ ಪತ್ರದಲ್ಲಿ ಐಕ್ಲರ್ ಅವರೇ ನೇರವಾಗಿ ಹೇಳಿದ್ದರು. ಶೇಕಡಾ 99ರಷ್ಟು ಸಂಗೀತ ಬದಲಾಗಿದೆ, ಹಕ್ಕುಗಳ ಖರ್ಚಿನಿಂದಾಗಿ ಇಷ್ಟು ವರ್ಷ ಈ ಸೆಟ್ ಬರಲು ಆಗಿರಲಿಲ್ಲ ಅಂತ.

ಎಂಟು ವರ್ಷ ಕಾದವರಿಗೆ ಇದನ್ನು ಓದಿ ಹೇಗಾಗಿರಬೇಡ? ಹಾಡಿದ್ದ ಜಾಗದಲ್ಲಿ ಈಗ ಯಾರಿಗೂ ಗುರುತಿಲ್ಲದ ಗಿಟಾರ್ ಸದ್ದು. ಬಹಳ ದಿನದ ಮೇಲೆ ಸಿಕ್ಕ ಗೆಳತಿಯ ಮುಖ ಅದೇ ಇದ್ದು, ಧ್ವನಿ ಮಾತ್ರ ಬೇರೆಯಾದ ಹಾಗೆ. ಕೆಲವರು ಇದನ್ನು ಕೊಳ್ಳಲೇಬಾರದು ಅಂದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಆ ಡಿವಿಡಿ ಬಂದಿದ್ದು ಒಳ್ಳೆಯದೇ ಆಯಿತು ಅಂತ ನಾನು ಹೇಳುತ್ತೇನೆ. ಹಾಡುಗಳಿಗಾಗಿ ಹಟ ಹಿಡಿದಿದ್ದರೆ ಪೆಟ್ಟಿಗೆ ಇವತ್ತಿಗೂ ಬರುತ್ತಿರಲಿಲ್ಲವೋ ಏನೋ. ಕ್ಯಾಸೆಟ್ ಕಾಲದ ನಂತರ ಹುಟ್ಟಿದವರು ಡೇರಿಯಾಳನ್ನು ನೋಡಲು ಸಾಧ್ಯವಾಗಿದ್ದು ಈ ಬಿಡುಗಡೆಯಿಂದ. ಮಾತುಗಳು ಹಾಗೇ ಇವೆ. ಜೇನ್ ಜೊತೆಗಿನ ಜಗಳ ಹಾಗೇ ಇದೆ. ಹೊಸಬರಿಗೆ ಕತೆಯಲ್ಲಿ ಏನೂ ಕಡಿಮೆ ಅನ್ನಿಸುವುದಿಲ್ಲ.

ಅದಕ್ಕಿಂತ ಜಾಸ್ತಿ ನನಗೆ ಇಷ್ಟವಾಗಿದ್ದು ಆ ಪತ್ರ. ಎಷ್ಟೋ ಪೆಟ್ಟಿಗೆಗಳ ಹಿಂದೆ ಕೆಲವು ಸಂಗೀತ ಬದಲಾಗಿದೆ ಅಂತ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಐಕ್ಲರ್ ಹಾಗೆ ಮುಚ್ಚಿಡಲಿಲ್ಲ. ಏನು ಹೋಯಿತು, ಯಾಕೆ ಹೋಯಿತು ಅಂತ ನೋಡುಗರಿಗೆ ಹೇಳಿಬಿಟ್ಟರು. ಕಾದವರಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ ಅದು.

ಆಮೇಲೆ ಏನಾಯಿತು ಗೊತ್ತಾ? ಅಭಿಮಾನಿಗಳು ಹಳೇ ಕ್ಯಾಸೆಟ್‌ಗಳನ್ನು ಮತ್ತೆ ಹೊರಗೆ ತೆಗೆದರು. ಡಿವಿಡಿಯ ಚೊಕ್ಕ ಚಿತ್ರಕ್ಕೆ ಕ್ಯಾಸೆಟ್‌ನ ಮೂಲ ಧ್ವನಿ ಜೋಡಿಸಲು ಕೂತರು. ಹೇಳಿದಷ್ಟು ಸುಲಭದ ಕೆಲಸವಲ್ಲ. ಕ್ಯಾಸೆಟ್ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ. ಮೊದಲ ನಿಮಿಷದಲ್ಲಿ ತುಟಿಗೂ ಮಾತಿಗೂ ಸರಿಹೊಂದಿದ್ದು ಹತ್ತನೇ ನಿಮಿಷಕ್ಕೆ ಜಾರಿರುತ್ತದೆ. ತುಣುಕು ತುಣುಕಾಗಿ ಹಿಗ್ಗಿಸಿ, ಕುಗ್ಗಿಸಿ ಕೂರಿಸಬೇಕು. ಜಾಹೀರಾತಿನ ಹತ್ತಿರ ಕತ್ತರಿಸಿಹೋದ ಜಾಗಕ್ಕೆ ಇನ್ನೊಬ್ಬರ ಕ್ಯಾಸೆಟ್ ಹುಡುಕಬೇಕು. ಕಾನೂನಿನ ಕಣ್ಣಲ್ಲಿ ಇದು ಸರಿ ಅಂತ ನಾನು ಹೇಳಲಾರೆ. ಆದರೆ ಸರಣಿಯ ಮೂಲ ರೂಪವನ್ನು ಜನ ಇವತ್ತು ಕೇಳಬಲ್ಲರು ಅಂದರೆ ಅದಕ್ಕೆ ಕಾರಣ, ಕಾಯುತ್ತಾ ಕೂತಾಗ ಕ್ಯಾಸೆಟ್‌ಗಳನ್ನು ಕಸಕ್ಕೆ ಎಸೆಯದೇ ಇದ್ದವರು.

ಕಾದವರ ಕಣ್ಣು, ಕಿವಿ ಎಷ್ಟು ಚುರುಕು ಅನ್ನುವುದಕ್ಕೆ ಇನ್ನೊಂದು ಉದಾಹರಣೆ 1980ರ ದಶಕದ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಸರಣಿ. 2002ರಿಂದ ರೈನೋ ಕಂಪನಿ ಅದನ್ನು ಡಿವಿಡಿಯಲ್ಲಿ ತಂದಾಗ 35 ಎಂಎಂ ಫಿಲ್ಮ್‌ನಿಂದ ಚಿತ್ರ ತೆಗೆದುಕೊಂಡಿತು. ಚಿತ್ರವೇನೋ ಬಹಳ ಚೊಕ್ಕವಾಗಿತ್ತು. ಆದರೆ ಆ ಫಿಲ್ಮ್ ಪ್ರಸಾರಕ್ಕೆ ಮುಂಚಿನದ್ದು. ಆಮೇಲೆ ಮಾಡಿದ ತಿದ್ದುಪಡಿಗಳು ಅದರಲ್ಲಿ ಇರಲಿಲ್ಲ. ಟಿವಿಯಲ್ಲಿ ಸರಿಯಾಗಿದ್ದ ದೃಶ್ಯಗಳಲ್ಲಿ ಡಿವಿಡಿಯಲ್ಲಿ ತಪ್ಪು ಬಣ್ಣ ಕಾಣಿಸಿತು. ಮೇಲಿಂದ ಹೊಸ ಸದ್ದುಗಳನ್ನು ಬೇರೆ ಸೇರಿಸಿದ್ದರು. ಚಿಕ್ಕಂದಿನಲ್ಲಿ ನೋಡಿದವರು, ರೆಕಾರ್ಡ್ ಮಾಡಿಟ್ಟುಕೊಂಡವರು ಇದನ್ನು ದೃಶ್ಯ ದೃಶ್ಯವಾಗಿ ಗುರುತಿಸಿದರು. 2009ರಿಂದ ಶೌಟ್ ಫ್ಯಾಕ್ಟರಿ ಅದೇ ಸರಣಿಯನ್ನು ಮತ್ತೆ ತಂದಾಗ ಇಂಥ ತಪ್ಪುಗಳನ್ನು ಸರಿಪಡಿಸಿತು. ಚಿತ್ರ ಎಷ್ಟು ಸ್ಪಷ್ಟ ಅನ್ನುವುದಕ್ಕಿಂತ, ಜನ ನೋಡಿ ಪ್ರೀತಿಸಿದ ಕಂತು ಇದೇನಾ ಅನ್ನುವುದು ಮುಖ್ಯ. ಅದನ್ನು ಹೇಳಬಲ್ಲವರು ಅಭಿಮಾನಿಗಳು ಮಾತ್ರ.

ಎಲ್ಲಕ್ಕಿಂತ ಕಷ್ಟದ ಕಾಯುವಿಕೆ ಅಂದರೆ ಅರ್ಧ ಕೈಗೆ ಬಂದು ಇನ್ನರ್ಧ ಬರದೇ ಇರುವುದು. ಡಿಸ್ನಿಯ ಗಾರ್ಗಾಯ್ಲ್ಸ್ ಅಭಿಮಾನಿಗಳಿಗೆ ಆಗಿದ್ದು ಇದೇ. ಹಗಲಲ್ಲಿ ಕಲ್ಲಾಗಿ, ರಾತ್ರಿ ಎದ್ದು ನ್ಯೂಯಾರ್ಕ್ ನಗರವನ್ನು ಕಾಯುವ ರೆಕ್ಕೆಯ ಜೀವಿಗಳ ಕತೆ ಅದು. ಸರಣಿ ಶುರುವಾಗಿದ್ದು 1994ರಲ್ಲಿ. ಮೊದಲ ಸೀಸನ್ನಿನ 13 ಕಂತು 2004ರ ಡಿಸೆಂಬರ್‌ನಲ್ಲಿ ಡಿವಿಡಿಗೆ ಬಂತು. ಎರಡನೇ ಸೀಸನ್ 52 ಕಂತಿನ ದೊಡ್ಡ ಸೀಸನ್. ಅದರ ಮೊದಲ ಅರ್ಧ 2005ರ ಡಿಸೆಂಬರ್‌ನಲ್ಲಿ ಬಂತು. ಮುಂದಿನ ಅರ್ಧ ಬಂದಿದ್ದು 2013ರ ಆಗಸ್ಟ್‌ನಲ್ಲಿ, ಅದೂ ಡಿಸ್ನಿಯ ಮೂವಿ ಕ್ಲಬ್ ಸದಸ್ಯರಿಗೆ ಮಾತ್ರ. ಆ ಜೀವಿಗಳ ನಾಯಕ ಗೋಲಿಯಾತ್ ಮತ್ತು ಅವನ ಪೊಲೀಸ್ ಗೆಳತಿ ಎಲಿಸಾ ಪ್ರಪಂಚ ಸುತ್ತುವ ಪ್ರಯಾಣದ ಕತೆ ಶುರುವಾಗಿ ಸ್ವಲ್ಪದರಲ್ಲೇ ಆ ಮೊದಲ ಅರ್ಧದ ಪೆಟ್ಟಿಗೆ ಮುಗಿದಿತ್ತು. ಕತೆಯ ನಡುದಾರಿಯಲ್ಲಿ ಜನರನ್ನು ನಿಲ್ಲಿಸಿ ಏಳೂವರೆ ವರ್ಷ ಬಿಟ್ಟರು.

ಆ ಅಭಿಮಾನಿಗಳ ತಾಳ್ಮೆ ದೊಡ್ಡದು. ದಿ ಗ್ಯಾದರಿಂಗ್ ಅಂತ ವರ್ಷಕ್ಕೊಮ್ಮೆ ಒಂದು ಸಮಾವೇಶ ಮಾಡುತ್ತಿದ್ದರು. 1997ರಿಂದ 2009ರವರೆಗೆ ಅದು ನಡೆಯಿತು. ಸರಣಿಯ ಹಿಂದಿದ್ದ ಗ್ರೆಗ್ ವೈಸ್‌ಮನ್ ಅಲ್ಲಿಗೆ ಬಂದು ಅವರ ಜೊತೆ ಕೂತು ಮಾತಾಡುತ್ತಿದ್ದರು. ಡಿವಿಡಿ ಕೊಂಡುಕೊಳ್ಳಿ, ಮಾರಾಟ ಕಂಡರಷ್ಟೇ ಮುಂದಿನದ್ದು ಬರುತ್ತದೆ ಅನ್ನುವುದು ಆ ಬಳಗದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆ ನಂಬಿಕೆ ಸುಳ್ಳೂ ಅಲ್ಲ. ಫ್ಯಾಮಿಲಿ ಗೈ ಸರಣಿ 2002ರಲ್ಲಿ ನಿಂತುಹೋಗಿತ್ತು. 2003ರಲ್ಲಿ ಡಿವಿಡಿ ಬಂದು ಮೊದಲ ವರ್ಷದಲ್ಲೇ 22 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಇನ್ನೊಂದು ಚಾನೆಲ್‌ನಲ್ಲಿ ಮರುಪ್ರಸಾರಕ್ಕೂ ಜನ ಮುಗಿಬಿದ್ದರು. 2005ರ ಮೇನಲ್ಲಿ ಸರಣಿ ಮತ್ತೆ ಟಿವಿಗೆ ಬಂತು. ಹಾಗಂತ ಎಲ್ಲ ಸರಣಿಗೂ ಈ ಭಾಗ್ಯ ಇರುವುದಿಲ್ಲ. ಪ್ರೀತಿಸುವವರ ಸಂಖ್ಯೆ ಸಣ್ಣದಿರುವ ಸರಣಿಗೆ ಎಷ್ಟು ಜನ ಕೊಂಡರೂ ಕಂಪನಿಯ ಲೆಕ್ಕಕ್ಕೆ ಸಾಲದೇ ಹೋಗಬಹುದು. ಒಂದು ಕತೆಯ ಉಳಿವನ್ನು ಮಾರಾಟದ ಅಂಕಿಗೆ ಕಟ್ಟಿಹಾಕುವುದು ನನಗೆ ಯಾವತ್ತೂ ನ್ಯಾಯ ಅನ್ನಿಸಿಲ್ಲ.

ಕಾದಿದ್ದಕ್ಕೆ ಪೂರ್ತಿ ಬೆಲೆ ಸಿಕ್ಕಿದ ಕತೆಯೂ ಒಂದಿದೆ. ಗ್ರ್ಯಾವಿಟಿ ಫಾಲ್ಸ್ 2012ರಿಂದ 2016ರವರೆಗೆ ಬಂದ 40 ಕಂತಿನ ಸರಣಿ. ಗುಟ್ಟು, ಸಂಕೇತ, ಹಿನ್ನೆಲೆಯಲ್ಲಿ ಅಡಗಿಸಿಟ್ಟ ಬರಹ ತುಂಬಿದ ಕತೆ. ನಿಲ್ಲಿಸಿ, ಹಿಂದೆ ಓಡಿಸಿ ನೋಡಲೆಂದೇ ಮಾಡಿದ ಹಾಗಿದೆ. ಅಂಥದ್ದಕ್ಕೆ ಬಹಳ ಕಾಲ ಆಯ್ದ ಕೆಲವೇ ಕಂತುಗಳ ಡಿವಿಡಿ ಮಾತ್ರ ಇತ್ತು. 2018ರ ಜುಲೈನಲ್ಲಿ ಶೌಟ್ ಫ್ಯಾಕ್ಟರಿಯಿಂದ ಪೂರ್ತಿ ಸರಣಿ ಬಂತು. ಪ್ರತಿ ಕಂತಿಗೂ ಅಲೆಕ್ಸ್ ಹರ್ಷ್ ಮತ್ತು ಜೊತೆಗಾರರ ಮಾತು. ಕಂತು ಓಡುತ್ತಿರುವಾಗ ಮಾಡಿದವರೇ ಪಕ್ಕದಲ್ಲಿ ಕೂತು, ಈ ಜೋಕ್ ಹೀಗೆ ಹುಟ್ಟಿತು, ಇಲ್ಲಿ ಒಂದು ದೃಶ್ಯ ತೆಗೆದುಹಾಕಿದೆವು ಅಂತ ಹೇಳುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಈ ಸುಖ ಸಿಗುವುದು ಅಪರೂಪ.

ಸ್ಟ್ರೀಮಿಂಗ್ ಇರುವಾಗ ಡಿಸ್ಕ್ ಯಾಕೆ ಅಂತ ಈಗಿನವರು ಕೇಳುತ್ತಾರೆ. ಇವ್ಯಾಂಜೆಲಿಯನ್ ನೋಡಿ. 1995ರ ಆ ಜಪಾನಿ ಸರಣಿ 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಎಷ್ಟು ಸಂಭ್ರಮ! ಆದರೆ ಜಪಾನಿನ ಹೊರಗೆ ಪ್ರತಿ ಕಂತಿನ ಕೊನೆಗೆ ಬರುತ್ತಿದ್ದ ಹಳೇ ಇಂಗ್ಲಿಷ್ ಹಾಡು ಮಾಯವಾಗಿತ್ತು. ಹಳೇ ಡಿವಿಡಿ ಇಟ್ಟುಕೊಂಡವರ ಹತ್ತಿರ ಆ ಹಾಡು ಉಳಿದಿದೆ. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಸಿನಿಮಾ, ಸರಣಿ, ಆಟಗಳನ್ನು ಮಾರುವವರು ಇದು ನೋಡಲು ಕೊಟ್ಟ ಅನುಮತಿ ಮಾತ್ರ, ಒಡೆತನವಲ್ಲ ಅಂತ ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಡಿಸ್ಕ್ ಹಾಗಲ್ಲ. ಕೊಂಡ ಮೇಲೆ ನಮ್ಮದು. ಗೆಳೆಯರಿಗೆ ಕೊಡಬಹುದು, ಮಾರಬಹುದು, ಮಕ್ಕಳಿಗೆ ಇಡಬಹುದು.

ಇನ್ಫಿನಿಟಿ ಟ್ರೇನ್ ಅಭಿಮಾನಿಗಳಿಗೆ ಇದು ಚೆನ್ನಾಗಿ ಗೊತ್ತು. ಓವನ್ ಡೆನಿಸ್ ಕಟ್ಟಿದ ಆ ಸರಣಿಗೆ ನಾಲ್ಕು ಭಾಗ, ಒಂದೊಂದರಲ್ಲಿ ಹತ್ತು ಕಂತು. ಕೊನೆಯಿಲ್ಲದ ರೈಲು, ಪ್ರತಿ ಬೋಗಿಯಲ್ಲೂ ಒಂದು ಬೇರೆ ಲೋಕ. ಹತ್ತಿದವರ ಕೈ ಮೇಲೆ ಹೊಳೆಯುವ ಒಂದು ಅಂಕಿ. ಮನಸ್ಸಿನ ಗಂಟು ಬಿಚ್ಚಿದ ಹಾಗೆ ಅಂಕಿ ಇಳಿಯುತ್ತದೆ, ಸೊನ್ನೆಯಾದಾಗ ಮನೆಗೆ ದಾರಿ. 2022ರ ಆಗಸ್ಟ್‌ನಲ್ಲಿ ಎಚ್‌ಬಿಓ ಮ್ಯಾಕ್ಸ್ ಅನ್ನುವ ಸ್ಟ್ರೀಮಿಂಗ್ ತಾಣ ಅದನ್ನು ತೆಗೆದುಹಾಕಿತು. ಹೋದಾಗ ಮೊದಲ ಎರಡು ಭಾಗಗಳಿಗೆ ಮಾತ್ರ ಡಿವಿಡಿ ಇತ್ತು.

ಮೂರನೇ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಗ್ರೇಸ್ ಮತ್ತು ಸೈಮನ್ ಅನ್ನುವ ಇಬ್ಬರು, ಅಂಕಿ ಏರಿದಷ್ಟೂ ಒಳ್ಳೆಯದು ಅಂತ ತಪ್ಪು ನಂಬಿಕೊಂಡ ಮಕ್ಕಳ ಗುಂಪಿನ ನಾಯಕರು. ಒಬ್ಬಳು ಬದಲಾಗುತ್ತಾಳೆ, ಇನ್ನೊಬ್ಬ ಬದಲಾಗಲು ಒಪ್ಪುವುದಿಲ್ಲ. ಮಕ್ಕಳಿಗಾಗಿ ಮಾಡಿದ ಸರಣಿಯೊಂದು ಅಷ್ಟು ಧೈರ್ಯವಾಗಿ ಒಂದು ಸ್ನೇಹದ ಕೊನೆಯನ್ನು ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಹತ್ತು ಕಂತುಗಳು ಡಿಸ್ಕ್‌ಗೆ ಬರಬೇಕು. ನಾಲ್ಕನೇ ಭಾಗವೂ ಜೊತೆಗೆ ಬರಬೇಕು. ಡೆನಿಸ್ ಮತ್ತು ಅವರ ತಂಡ ಪ್ರತಿ ಕಂತಿನ ಬಗ್ಗೆ ಮಾತಾಡಿದ್ದೂ ಅದರಲ್ಲಿರಲಿ. ಏನಾದರೂ ಬದಲಿಸಲೇಬೇಕಾಗಿ ಬಂದರೆ, ಐಕ್ಲರ್ ಬರೆದ ಹಾಗೆ ಒಂದು ಪತ್ರ ಬರೆದು ಒಳಗಿಡಲಿ. ನಾನಂತೂ ಮೊದಲ ದಿನವೇ ಕೊಳ್ಳುತ್ತೇನೆ.